ವೈದ್ಯವಿಜ್ಞಾನಿ ಕಾರ್ಲೋಸ್ ಚಾಗಸ್

ಮನುಷ್ಯನ ದೇಹಕ್ಕೆ ರೋಗಗಳು ಸರದಿ ಕಾದು ಒಂದೊಂದಾಗಿಯೇ ಬರುತ್ತವೆಂಬ ನಿಯಮವಿಲ್ಲ. ಒಂದೇ ದೇಹದಲ್ಲಿ ಎರಡು ಮೂರು ರೋಗಗಳು ಒಟ್ಟಿಗೆ ನೆಲೆಸಿರುವುದುಂಟು. ಆಗ ಹೊರಗೆ ಕಾಣುವ ಜ್ವರವೊಂದೇ ಆದರೂ ಒಳಗಿನ ಕಾರಣಗಳು ಹಲವಾಗಿರುತ್ತವೆ. ಆ ಕಾರಣಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ವೈದ್ಯನಿಗೆ ಒದಗುವ ಕಠಿಣ ಪರೀಕ್ಷೆ. ಈ ಪರೀಕ್ಷೆಯನ್ನು ಜೀವನದುದ್ದಕ್ಕೂ ಎದುರಿಸಿ, ಅದರಲ್ಲಿ ಗೆಲುವನ್ನೂ ಸೋಲನ್ನೂ ಕಂಡು, ವೈದ್ಯವಿಜ್ಞಾನದ ಚರಿತ್ರೆಯಲ್ಲಿ ಶಾಶ್ವತವಾದ ಸ್ಥಾನವನ್ನು ಪಡೆದ ಮಹನೀಯರು ಬ್ರೆಜಿಲ್ ದೇಶದ ಕಾರ್ಲೋಸ್ ಚಾಗಸ್. ಅವರು ಕಾಲವಾಗಿ ಈಗ ತೊಂಬತ್ತು ವರ್ಷಗಳಿಗೂ ಮಿಗಿಲಾಗಿದೆ. ಆದರೂ ರೋಗಿಯ ಹೃದಯವನ್ನೇ ಬದಲಿಸಬಲ್ಲ ಇಂದಿನ ಶಸ್ತ್ರವೈದ್ಯರು ಅವರು ಕಂಡುಹಿಡಿದ ಸತ್ಯಗಳನ್ನು ಮರೆಯುವಂತಿಲ್ಲ.

ಬ್ರೆಜಿಲಿನ ಮಿನಾಸ್ ಜೆರೈಸ್ ಪ್ರಾಂತದಲ್ಲಿ ಒಲಿವೇರಾ ಎಂಬ ಪಟ್ಟಣವಿದೆ. ಅದರ ಸಮೀಪದ ಒಂದು ಕಾಫಿ ತೋಟದ ಮನೆಯಲ್ಲಿ ೧೮೭೯ನೆಯ ಇಸವಿ ಜುಲೈ ೯ರಂದು ಚಾಗಸ್ ಅವರು ಜನಿಸಿದರು. ನಾಲ್ಕನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ತಾಯಿಯೇ ಸರ್ವಸ್ವವಾದಳು. ತೋಟದ ಆಡಳಿತವನ್ನೂ ಮಕ್ಕಳ ಪಾಲನೆಯನ್ನೂ ಆಕೆ ಒಬ್ಬಳೇ ಹೊತ್ತಳು. ಬಾಲಕನನ್ನು ಸಾವೊ ಪಾವ್ಲೊ ಪ್ರಾಂತದ ಇತು ಎಂಬ ಊರಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ಶಾಲೆಗೆ ಸೇರಿಸಲಾಯಿತು. ೧೮೮೮ರ ಮೇ ತಿಂಗಳಲ್ಲಿ ಬ್ರೆಜಿಲ್ ಸರ್ಕಾರವು ಗುಲಾಮಗಿರಿಯನ್ನು ರದ್ದುಪಡಿಸಿತು. ಬಿಡುಗಡೆ ಹೊಂದಿದ ಗುಲಾಮರು ತೋಟಗಳ ಮೇಲೆ ದಾಳಿ ಮಾಡುತ್ತಿದ್ದಾರೆಂಬ ವದಂತಿ ಶಾಲೆಯವರೆಗೂ ಹಬ್ಬಿತು. ಒಂಟಿಯಾಗಿರುವ ತಾಯಿಗೆ ಏನಾಗುವುದೋ ಎಂದು ಕಳವಳಗೊಂಡ ಬಾಲಕನು ಯಾರ ಅಪ್ಪಣೆಯನ್ನೂ ಕೇಳದೆ ಶಾಲೆಯಿಂದ ಹೊರಟುಬಿಟ್ಟನು. ಆ ಶಾಲೆಯಲ್ಲಿ ಅವನಿಗೆ ಮತ್ತೆ ಸ್ಥಾನ ದೊರೆಯಲಿಲ್ಲ. ಮುಂದಿನ ವಿದ್ಯಾಭ್ಯಾಸವು ಬೇರೊಂದು ಊರಿನಲ್ಲಿ ನಡೆಯಿತು.

ಮಗನು ಗಣಿ ಎಂಜಿನಿಯರ್ ಆಗಬೇಕೆಂಬುದು ತಾಯಿಯ ಆಸೆಯಾಗಿತ್ತು. ಅದರಂತೆ ತರುಣ ಚಾಗಸ್ ಔರೊ ಪ್ರೆತೊ ನಗರದ ಗಣಿ ವಿದ್ಯಾಲಯದತ್ತ ನಡೆದರು. ಆದರೆ ಅಲ್ಲಿ ಆರೋಗ್ಯ ಕೆಟ್ಟು ಊರಿಗೆ ಹಿಂದಿರುಗಬೇಕಾಯಿತು. ವೈದ್ಯರಾಗಿದ್ದ ಸೋದರಮಾವನ ಪ್ರಭಾವವು ಆ ವೇಳೆಯಲ್ಲಿ ಅವರ ಮೇಲೆ ಬಿದ್ದಿತು. ಕೊನೆಗೆ ತಾಯಿಯೂ ಒಪ್ಪಿದಳು. ೧೮೯೭ರಲ್ಲಿ ಚಾಗಸ್ ಅವರು ರಿಯೊ ಡಿ ಜನೈರೊ ನಗರದ ವೈದ್ಯಕೀಯ ಕಾಲೇಜನ್ನು ಸೇರಿದರು.

ಆ ಕಾಲದಲ್ಲಿ ಬ್ರೆಜಿಲಿನ ರಾಜಧಾನಿಯಾಗಿದ್ದ ರಿಯೊ ನಗರವು ಕಾಮಾಲೆ ಜ್ವರ, ಪ್ಲೇಗು, ಸಿಡುಬುಗಳ ತವರಾಗಿತ್ತು. ಅವನ್ನು ನಿರ್ಮೂಲ ಮಾಡಲು ಪಣ ತೊಟ್ಟವರು ಓಸ್ವಾಲ್ಡೊ ಕ್ರೂಜ್ ಎಂಬ ವಿಜ್ಞಾನಿ. ನಗರದ ಹೊರವಲಯದ ಮಂಗಿನ್ಯೋಸ್ ಎಂಬಲ್ಲಿ ಅವರ ಸಂಶೋಧನಾಲಯವಿತ್ತು. ಪದವಿಯ ಪ್ರಬಂಧವನ್ನು ಸಿದ್ಧಪಡಿಸುವುದಕ್ಕಾಗಿ ಚಾಗಸ್ ಅವರು ಆ ಸಂಶೋಧನಾಲಯಕ್ಕೆ ಹೋದರು. ಗುರುಶಿಷ್ಯರ ಬಾಂಧವ್ಯವು ಅಲ್ಲಿ ಬೆಳೆಯಿತು. ಮಲೇರಿಯ ರೋಗಿಗಳ ರಕ್ತವನ್ನು ಕುರಿತ ಪ್ರಬಂಧವನ್ನು ಬರೆದು ೧೯೦೩ರಲ್ಲಿ ಅವರು ವೈದ್ಯ ಪದವಿಯನ್ನು ಪಡೆದರು. ಮರುವರ್ಷ ಐರಿಸ್ ಲೋಬೊ ಎಂಬುವರೊಡನೆ ಅವರ ವಿವಾಹವಾಯಿತು. ಅವರ ಇಬ್ಬರು ಗಂಡುಮಕ್ಕಳೂ ಮುಂದೆ ವಿಜ್ಞಾನಿಗಳಾಗಿ ಹೆಸರು ಗಳಿಸಿದರು.

೧೯೦೫ರಲ್ಲಿ ಸಾಂತೋಸ್ ಬಂದರಿನ ಕಂಪೆನಿಯ ಕಾಮಗಾರಿಯೊಂದು ಮಲೇರಿಯದ ಹಾವಳಿಯಿಂದ ನಿಂತುಹೋಗುವ ಸ್ಥಿತಿಗೆ ಬಂದಿತು. ರೋಗವನ್ನು ಹತೋಟಿಗೆ ತರುವ ಹೊಣೆಯನ್ನು ಚಾಗಸ್ ಅವರಿಗೆ ವಹಿಸಲಾಯಿತು. ಸೊಳ್ಳೆಯ ಮರಿಗಳನ್ನು ನೀರಿನಲ್ಲಿಯೇ ಕೊಲ್ಲುವುದು ಅಂದಿನ ಪದ್ಧತಿ. ಆದರೆ ಸೋಂಕು ತಗಲುವುದು ಬಹುಮಟ್ಟಿಗೆ ಮನೆಯೊಳಗೇ ಎಂಬುದನ್ನೂ, ರಕ್ತ ಹೀರಿದ ಸೊಳ್ಳೆ ಭಾರವಾಗಿ ಮನೆಯ ಗೋಡೆಗಳ ಮೇಲೆಯೇ ಕುಳಿತುಕೊಳ್ಳುವುದನ್ನೂ ಚಾಗಸ್ ಗಮನಿಸಿದರು. ಮನೆಗಳ ಬಾಗಿಲು ಕಿಟಕಿಗಳನ್ನು ಮುಚ್ಚಿಸಿ ಒಳಗೆ ಕೀಟನಾಶಕ ಹೊಗೆ ಹಾಕಿಸಿದರು. ಕೆಲವೇ ತಿಂಗಳುಗಳಲ್ಲಿ ರೋಗ ಹಿಮ್ಮೆಟ್ಟಿತು. ರೋಗವನ್ನು ರೋಗಿಯ ಮೈಯಲ್ಲಿ ಮಾತ್ರವಲ್ಲದೆ ಅವನ ಮನೆಯಲ್ಲಿಯೂ ಹುಡುಕಬೇಕೆಂಬ ಪಾಠವನ್ನು ಅವರು ಅಲ್ಲಿ ಕಲಿತರು.

ಆಗ ಬ್ರೆಜಿಲಿನ ಕೇಂದ್ರ ರೈಲುಮಾರ್ಗವನ್ನು ಉತ್ತರಕ್ಕೆ ವಿಸ್ತರಿಸುವ ಕೆಲಸ ನಡೆದಿತ್ತು. ಮಿನಾಸ್ ಜೆರೈಸ್ ಪ್ರಾಂತದ ಕಣಿವೆಗಳಲ್ಲಿ ಕೆಲಸ ಮಾಡುತ್ತಿದ್ದ ಕೂಲಿಗಾರರು ಮಲೇರಿಯಕ್ಕೆ ತುತ್ತಾಗುತ್ತಿದ್ದರು. ೧೯೦೭ರಲ್ಲಿ ಕ್ರೂಜ್ ಅವರು ತಮ್ಮ ಶಿಷ್ಯನನ್ನು ಬೆಲಿಸಾರಿಯೊ ಪೆನ್ನಾ ಎಂಬ ವೈದ್ಯರ ಜೊತೆಯಲ್ಲಿ ಅಲ್ಲಿಗೆ ಕಳುಹಿಸಿದರು. ಲಸ್ಸಾನ್ಸ್ ಎಂಬ ಕುಗ್ರಾಮದಲ್ಲಿ ಚಾಗಸ್ ಅವರಿಗೆ ವಾಸಕ್ಕೆ ದೊರೆತದ್ದು ಒಂದು ರೈಲುಗಾಡಿಯ ಡಬ್ಬಿ. ಅದೇ ಅವರ ಮಲಗುವ ಕೋಣೆ, ಅದೇ ಚಿಕಿತ್ಸಾಲಯ, ಅದೇ ಪ್ರಯೋಗಶಾಲೆ. ಒಂದು ಸೂಕ್ಷ್ಮದರ್ಶಕವೇ ಅವರ ಮುಖ್ಯ ಸಂಪತ್ತು.

ಅಲ್ಲಿ ಜ್ವರದಿಂದ ನರಳುವವರೆಲ್ಲರೂ ಮಲೇರಿಯ ರೋಗಿಗಳೆಂದೇ ಜನ ತಿಳಿದಿದ್ದರು. ಆದರೆ ಕೆಲವು ರೋಗಿಗಳ ಲಕ್ಷಣಗಳು ಮಲೇರಿಯಕ್ಕೆ ಹೊಂದುತ್ತಿರಲಿಲ್ಲ. ಗಟ್ಟಿಮುಟ್ಟಾದ ಪ್ರಾಯದವರಲ್ಲಿ ಹೃದಯದ ಬಡಿತ ತಾಳ ತಪ್ಪುತ್ತಿತ್ತು. ಕೆಲವರು ದುಡಿಯುತ್ತಿದ್ದಂತೆಯೇ ಕುಸಿದು ಸಾಯುತ್ತಿದ್ದರು. ಇದು ಮಲೇರಿಯದ ಮರೆಯಲ್ಲಿ ಅಡಗಿರುವ ಇನ್ನೊಂದು ರೋಗವಿರಬಹುದೆಂಬ ಸಂಶಯ ಚಾಗಸ್ ಅವರ ಮನಸ್ಸಿನಲ್ಲಿ ಮೂಡಿತು.

ಆ ಸಮಯದಲ್ಲಿ ರೈಲ್ವೆಯ ಒಬ್ಬ ಎಂಜಿನಿಯರು ಅವರಿಗೆ ಒಂದು ಕೀಟವನ್ನು ತೋರಿಸಿದರು. ಅದು ತಿಗಣೆಯ ದೂರದ ಬಂಧು. ಗಾತ್ರದಲ್ಲಿ ಅದಕ್ಕಿಂತ ಬಹಳ ದೊಡ್ಡದು. ಬಡವರ ಮಣ್ಣಿನ ಗೋಡೆಗಳ ಬಿರುಕುಗಳಲ್ಲಿಯೂ ಹುಲ್ಲಿನ ಮಾಡಿನಲ್ಲಿಯೂ ಹಗಲೆಲ್ಲ ಅಡಗಿದ್ದು, ದೀಪ ಆರಿದ ಮೇಲೆ ಹೊರಬಂದು, ಮಲಗಿದವರ ಮುಖವನ್ನು ಕಚ್ಚಿ ರಕ್ತ ಹೀರುವುದು ಅದರ ಸ್ವಭಾವ. ಮುಖಕ್ಕೇ ಬರುವುದರಿಂದ ಜನರು ಅದನ್ನು ಕ್ಷೌರಿಕನೆಂದು ಕರೆಯುತ್ತಿದ್ದರು. ಜನ ಅದರೊಡನೆ ಬದುಕುವುದನ್ನು ರೂಢಿಸಿಕೊಂಡಿದ್ದರು. ಚಾಗಸ್ ಅವರು ಅದರ ಕರುಳನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಬಾಲದಂತಹ ಎಳೆಯನ್ನು ಬೀಸುತ್ತ ಚಲಿಸುವ ಏಕಕೋಶ ಜೀವಿಗಳು ಕಂಡವು.

ಈ ಜೀವಿಯು ರೋಗವನ್ನುಂಟುಮಾಡಬಲ್ಲುದೇ ಎಂಬುದನ್ನು ತಿಳಿಯಲು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಬೇಕಾಗಿತ್ತು. ಲಸ್ಸಾನ್ಸಿನ ಸುತ್ತಮುತ್ತ ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳಿದ್ದವು. ಆದರೆ ಅವುಗಳ ರಕ್ತದಲ್ಲಿ ಅದೇ ಕುಲಕ್ಕೆ ಸೇರಿದ ಬೇರೊಂದು ಪರೋಪಜೀವಿಯಿರುವುದನ್ನು ಚಾಗಸ್ ಅವರೇ ಹಿಂದೆ ಕಂಡುಹಿಡಿದಿದ್ದರು. ಎರಡು ಜೀವಿಗಳು ಒಂದೇ ದೇಹದಲ್ಲಿ ಬೆರೆತರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಆದುದರಿಂದ ಅವರು ಕೀಟಗಳನ್ನು ರಿಯೊ ನಗರಕ್ಕೆ ಗುರುಗಳ ಬಳಿಗೆ ಕಳುಹಿಸಿ, ಈ ಸೋಂಕಿಲ್ಲದ ಕೋತಿಗಳ ಮೇಲೆ ಪ್ರಯೋಗ ನಡೆಸುವಂತೆ ಕೋರಿದರು. ಕೆಲವು ವಾರಗಳಲ್ಲಿ ಕ್ರೂಜ್ ಅವರಿಂದ ಕರೆ ಬಂದಿತು. ಕೋತಿಗಳ ರಕ್ತದಲ್ಲಿ ಹಿಂದೆಂದೂ ಕಾಣದ ಪರೋಪಜೀವಿಗಳು ತುಂಬಿದ್ದವು. ಶಿಷ್ಯನು ಆ ಜೀವಿಗೆ ಗುರುವಿನ ಹೆಸರನ್ನು ಸೇರಿಸಿ ಟ್ರಿಪನೊಸೋಮ ಕ್ರೂಜಿ ಎಂದು ನಾಮಕರಣ ಮಾಡಿದನು.

ಇನ್ನು ಉಳಿದದ್ದು ಈ ಜೀವಿಯನ್ನು ಮನುಷ್ಯನಲ್ಲಿ ಕಾಣುವ ಕೆಲಸ. ಲಸ್ಸಾನ್ಸಿಗೆ ಹಿಂದಿರುಗಿದ ಚಾಗಸ್ ಅವರು ಕೀಟಗಳಿದ್ದ ಮನೆಗಳನ್ನು ಒಂದೊಂದಾಗಿ ಹೊಕ್ಕು ಜನರ ಮತ್ತು ಸಾಕುಪ್ರಾಣಿಗಳ ರಕ್ತವನ್ನು ಪರೀಕ್ಷಿಸಿದರು. ಮೊದಲು ಅದು ಒಂದು ಬೆಕ್ಕಿನ ರಕ್ತದಲ್ಲಿ ಕಂಡಿತು. ಕೊನೆಗೆ ೧೯೦೯ರ ಏಪ್ರಿಲ್ ೧೪ರಂದು, ಜ್ವರದಿಂದ ಮುಖ ಊದಿಕೊಂಡಿದ್ದ ಬೆರೆನಿಸ್ ಎಂಬ ಎರಡು ವರ್ಷದ ಹೆಣ್ಣುಮಗುವಿನ ರಕ್ತದಲ್ಲಿ ಆ ಜೀವಿಯನ್ನು ಅವರು ಕಂಡರು. ಕೆಲವೇ ದಿನಗಳಲ್ಲಿ ಕ್ರೂಜ್ ಅವರು ರಿಯೊ ನಗರದ ವೈದ್ಯ ಅಕಾಡೆಮಿಯಲ್ಲಿ ಈ ಶೋಧವನ್ನು ಸಾರಿದರು. ರೋಗದ ಕಾರಣವಾದ ಜೀವಿ, ಅದನ್ನು ಹರಡುವ ಕೀಟ, ಅದಕ್ಕೆ ಆಶ್ರಯ ಕೊಡುವ ಪ್ರಾಣಿ, ಅದರಿಂದ ನರಳುವ ರೋಗಿ, ಇವೆಲ್ಲವನ್ನೂ ಒಬ್ಬನೇ ವಿಜ್ಞಾನಿ ಕಂಡುಹಿಡಿದದ್ದು ವೈದ್ಯಶಾಸ್ತ್ರದಲ್ಲಿ ಅತ್ಯಂತ ಅಪೂರ್ವವಾದ ಸಂಗತಿ. ಆ ರೋಗಕ್ಕೆ ಚಾಗಸ್ ರೋಗವೆಂದೇ ಹೆಸರಾಯಿತು.

ರೋಗದ ಸ್ವರೂಪವು ಕ್ರಮೇಣ ಸ್ಪಷ್ಟವಾಯಿತು. ೧೯೧೧ರಲ್ಲಿ ಮಂಗಿನ್ಯೋಸಿನ ಗ್ಯಾಸ್ಪರ್ ವಿಯಾನ್ನಾ ಅವರು ಈ ಜೀವಿಯು ದೇಹದ ಜೀವಕೋಶಗಳ ಒಳಹೊಕ್ಕು ಅಲ್ಲಿ ಸಂತತಿಯನ್ನು ಹೆಚ್ಚಿಸಿಕೊಳ್ಳುವುದನ್ನು ತೋರಿಸಿದರು. ಹೃದಯದ ಸ್ನಾಯು ಅದಕ್ಕೆ ಬಹಳ ಪ್ರಿಯವಾದ ನೆಲೆ. ಸೋಂಕು ಕೀಟದ ಕಡಿತದಿಂದ ತಗಲುತ್ತದೆಂದು ಚಾಗಸ್ ತಿಳಿದಿದ್ದರು. ಅದು ಕೀಟದ ಮಲದಿಂದ, ತುರಿಸಿಕೊಂಡ ಗಾಯದ ಮೂಲಕ ಒಳಸೇರುತ್ತದೆಂದು ಫ್ರಾನ್ಸಿನ ಎಮಿಲ್ ಬ್ರಂಪ್ಟ್ ೧೯೧೨ರಲ್ಲಿ ತೋರಿಸಿಕೊಟ್ಟರು. ಮೊದಲ ಜ್ವರವು ಸಾಮಾನ್ಯವಾಗಿ ಇಳಿದುಹೋಗುತ್ತದೆ. ರೋಗಿಯು ಗುಣವಾಯಿತೆಂದೇ ನಂಬುತ್ತಾನೆ. ಆದರೆ ಪರೋಪಜೀವಿಯು ದೇಹದಲ್ಲಿಯೇ ಉಳಿದಿರುತ್ತದೆ. ಹತ್ತಿಪ್ಪತ್ತು ವರ್ಷಗಳ ಬಳಿಕ, ಸೋಂಕಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೃದಯದ ರೋಗ ಕಾಣಿಸಿಕೊಳ್ಳುತ್ತದೆ.

ಕೀರ್ತಿ ಚಾಗಸ್ ಅವರನ್ನು ಅರಸಿ ಬಂದಿತು. ೧೯೧೨ರಲ್ಲಿ ಜರ್ಮನಿಯ ಷೌಡಿನ್ ಪಾರಿತೋಷಕ ದೊರೆಯಿತು. ೧೯೧೭ರಲ್ಲಿ ಗುರುಗಳು ತೀರಿಕೊಂಡಾಗ ಸಂಶೋಧನಾಲಯದ ನಿರ್ದೇಶಕ ಸ್ಥಾನ ಅವರಿಗೆ ಬಂದಿತು. ೧೯೧೮ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ರಿಯೊ ನಗರವು ತತ್ತರಿಸಿದಾಗ ತುರ್ತು ಆಸ್ಪತ್ರೆಗಳನ್ನು ತೆರೆಯಿಸಿದರು. ೧೯೨೦ರಿಂದ ೧೯೨೬ರವರೆಗೆ ದೇಶದ ಸಾರ್ವಜನಿಕ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿದ್ದು, ದಾದಿಯರ ಶಿಕ್ಷಣಕ್ಕೆ ಭದ್ರವಾದ ತಳಹದಿಯನ್ನು ಹಾಕಿದರು.

ಆದರೆ ಅವರು ಎರಡು ಕಡೆಗಳಲ್ಲಿ ಎಡವಿದ್ದರು. ಎರಡೂ ಒಂದೇ ಬಗೆಯ ತಪ್ಪುಗಳು. ಲಸ್ಸಾನ್ಸಿನ ಸುತ್ತ ಅನೇಕರಿಗೆ ಕುತ್ತಿಗೆಯಲ್ಲಿ ಗಳಗಂಡವಿತ್ತು. ಅಂತಹವರಲ್ಲಿ ಹಲವರ ಮನೆಗಳಲ್ಲಿ ಕೀಟವೂ ಇತ್ತು. ಆದುದರಿಂದ ಗಳಗಂಡವೂ ತಮ್ಮ ಪರೋಪಜೀವಿಯ ಕೃತ್ಯವೇ ಎಂದು ಚಾಗಸ್ ತೀರ್ಮಾನಿಸಿದರು. ವಾಸ್ತವವಾಗಿ ಅದು ಆಹಾರದಲ್ಲಿ ಅಯೋಡಿನ್ ಸಾಲದಿರುವುದರಿಂದ ಬರುವ ರೋಗ. ಎರಡನೆಯದಾಗಿ, ಸೋಂಕು ತಗಲಿಸಿದ ಗಿನಿಯಿಲಿಗಳ ಶ್ವಾಸಕೋಶದಲ್ಲಿ ಕಂಡ ಕೆಲವು ಗುಂಡನೆಯ ಕೋಶಗಳನ್ನು ಅವರು ತಮ್ಮ ಪರೋಪಜೀವಿಯ ಒಂದು ಅವಸ್ಥೆಯೆಂದು ತಿಳಿದರು. ಅವು ಬೇರೆಯೇ ಆದ ಜೀವಿಗಳೆಂದು ಪ್ಯಾರಿಸಿನ ಡೆಲನೊ ದಂಪತಿಗಳು ೧೯೧೨ರಲ್ಲಿ ಸ್ಥಾಪಿಸಿ, ಅವಕ್ಕೆ ನ್ಯುಮೊಸಿಸ್ಟಿಸ್ ಎಂದು ಹೆಸರಿಟ್ಟರು. ಒಂದೇ ದೇಹದಲ್ಲಿ ಒಟ್ಟಿಗಿದ್ದ ಎರಡು ಕಾರಣಗಳನ್ನು ಒಂದೆಂದು ಭಾವಿಸಿದ್ದೇ ಈ ಎರಡು ತಪ್ಪುಗಳ ಮೂಲ. ಕೋತಿಗಳ ವಿಷಯದಲ್ಲಿ ಅವರು ತೋರಿದ ಎಚ್ಚರವು ಇಲ್ಲಿ ಅವರ ಕೈ ಬಿಟ್ಟಿತು.

ವಿರೋಧಿಗಳಿಗೆ ಇದೇ ಆಯುಧವಾಯಿತು. ಗಳಗಂಡದ ಮಾತು ಸುಳ್ಳಾದುದರಿಂದ ರೋಗದ ಮಾತೂ ಸುಳ್ಳೆಂದು ವಾದಿಸುವವರು ಹುಟ್ಟಿಕೊಂಡರು. ಇದು ಒಂದು ಹಳ್ಳಿಯ ವಿರಳ ರೋಗವೆಂದೂ, ಲಕ್ಷಾಂತರ ಜನರಿಗೆ ರೋಗವಿದೆಯೆಂದು ಹೇಳುವುದು ದೇಶಕ್ಕೆ ಅಪಕೀರ್ತಿಯೆಂದೂ ಕೆಲವರು ಆರೋಪಿಸಿದರು. ೧೯೨೨ ಮತ್ತು ೧೯೨೩ರಲ್ಲಿ ವೈದ್ಯ ಅಕಾಡೆಮಿಯಲ್ಲಿ ಕಟುವಾದ ವಾಗ್ವಾದ ನಡೆಯಿತು. ಅಕಾಡೆಮಿಯ ಸಮಿತಿಯು ಶೋಧದ ಗೌರವ ಚಾಗಸ್ ಅವರದೇ ಎಂದು ಒಪ್ಪಿಕೊಂಡರೂ, ರೋಗದ ವ್ಯಾಪ್ತಿಯನ್ನು ಕುರಿತ ಸಂಶಯ ಹಾಗೆಯೇ ಉಳಿಯಿತು. ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಗಿತ್ತಾದರೂ ಅದು ದೊರೆಯಲಿಲ್ಲ. ಹೃದಯದ ರೋಗವೊಂದನ್ನು ಜಗತ್ತಿಗೆ ತೋರಿಸಿದ ಆ ಮಹನೀಯರು ೧೯೩೪ರ ನವೆಂಬರ್ ೮ರಂದು ರಿಯೊ ನಗರದಲ್ಲಿ ಹೃದಯಾಘಾತದಿಂದಲೇ ನಿಧನ ಹೊಂದಿದರು. ಆಗ ಅವರಿಗೆ ೫೫ ವರ್ಷ. ಮರುವರ್ಷದಿಂದಲೇ ಅರ್ಜೆಂಟೀನಾ ದೇಶದ ವೈದ್ಯರು ರೋಗಿಗಳನ್ನು ಹೆಚ್ಚು ಹೆಚ್ಚಾಗಿ ಗುರುತಿಸತೊಡಗಿದರು. ಚಾಗಸ್ ಅವರ ಮಾತು ದಿಟವೆಂದು ಜಗತ್ತು ಒಪ್ಪಿತು.

ಅವರ ಶೋಧಕ್ಕೆ ಹೊಸ ಅರ್ಥ ಬಂದದ್ದು ಹೃದಯ ಕಸಿಯ ಯುಗದಲ್ಲಿ. ೧೯೬೭ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕ್ರಿಸ್ಟಿಯಾನ್ ಬರ್ನಾರ್ಡ್ ಅವರು ಒಬ್ಬರ ಹೃದಯವನ್ನು ಮತ್ತೊಬ್ಬರಿಗೆ ಜೋಡಿಸಿ ಜಗತ್ತನ್ನು ಬೆರಗುಗೊಳಿಸಿದರು. ಆರು ತಿಂಗಳೊಳಗೆ, ೧೯೬೮ರ ಮೇ ತಿಂಗಳಲ್ಲಿ, ಯೂರಿಕ್ಲೀಡಿಸ್ ಜೆರ್ಬಿನಿ ಎಂಬ ಶಸ್ತ್ರವೈದ್ಯರು ಸಾವೊ ಪಾವ್ಲೊ ನಗರದಲ್ಲಿ ಬ್ರೆಜಿಲಿನ ಮೊದಲ ಹೃದಯ ಕಸಿಯನ್ನು ನಡೆಸಿದರು. ಚಾಗಸ್ ರೋಗದಿಂದ ಹೃದಯ ಸಂಪೂರ್ಣವಾಗಿ ಸೋತವರಿಗೂ ಮುಂದೆ ಈ ಚಿಕಿತ್ಸೆ ಒದಗಿತು. ಆದರೆ ಹೃದಯವನ್ನು ಬದಲಿಸಿದರೂ ಪರೋಪಜೀವಿಯು ದೇಹದ ಇತರ ಭಾಗಗಳಲ್ಲಿ ಉಳಿದಿರುತ್ತದೆ.

ದೇಹವು ಹೊಸ ಹೃದಯವನ್ನು ಪರಕೀಯ ವಸ್ತುವೆಂದು ಭಾವಿಸಿ ಅದರ ಮೇಲೆ ಎರಗುತ್ತದೆ. ಇದನ್ನು ತಡೆಯಲು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಗಳನ್ನು ಕೊಡಬೇಕಾಗುತ್ತದೆ. ಕಾವಲು ಸಡಿಲವಾದೊಡನೆ, ಅದುವರೆಗೆ ನಿದ್ರಿಸುತ್ತಿದ್ದ ಪರೋಪಜೀವಿಯು ಎಚ್ಚೆತ್ತು ಹೊಸ ಹೃದಯದ ಸ್ನಾಯುವನ್ನೂ ಆಕ್ರಮಿಸಬಲ್ಲುದು. ಅದು ಒಂಟಿಯಾಗಿಯೇ ಏಳುತ್ತದೆಂದೂ ಹೇಳಲಾಗದು. ಸೈಟೊಮೆಗಲೊ ಎಂಬ ವೈರಸ್ಸು ಬಹುಜನರ ದೇಹದಲ್ಲಿ ತೊಂದರೆ ಕೊಡದೆ ಅಡಗಿರುತ್ತದೆ. ಅದೂ ಇದೇ ಸಂದರ್ಭದಲ್ಲಿ ತಲೆಯೆತ್ತುತ್ತದೆ. ತಾನು ಹಾನಿ ಮಾಡುವುದಲ್ಲದೆ, ಉಳಿದಿದ್ದ ನಿರೋಧಕ ಶಕ್ತಿಯನ್ನೂ ಕುಂದಿಸಿ ಇತರ ಸೋಂಕುಗಳಿಗೆ ದಾರಿ ಮಾಡಿಕೊಡುತ್ತದೆ. ಟಾಕ್ಸೊಪ್ಲಾಸ್ಮ ಎಂಬ ಇನ್ನೊಂದು ಪರೋಪಜೀವಿಯು ದಾನಿಯ ಹೃದಯದ ಸ್ನಾಯುವಿನಲ್ಲಿಯೇ ಅಡಗಿಕೊಂಡು ಹೊಸ ದೇಹಕ್ಕೆ ಬರಬಹುದು. ಚಾಗಸ್ ಅವರು ಗಿನಿಯಿಲಿಯಲ್ಲಿ ಕಂಡ ನ್ಯುಮೊಸಿಸ್ಟಿಸ್ ಕುಲದ ಜೀವಿಯೂ ಇಂತಹ ರೋಗಿಗಳಲ್ಲಿ ಭೀಕರವಾದ ಶ್ವಾಸಕೋಶ ರೋಗವನ್ನು ತರುತ್ತದೆ.

ವೈದ್ಯನ ಮುಂದಿರುವ ಸಮಸ್ಯೆಯನ್ನು ಈಗ ಊಹಿಸಿಕೊಳ್ಳಬಹುದು. ಕಸಿಯಾದ ಕೆಲವು ತಿಂಗಳ ಮೇಲೆ ರೋಗಿಗೆ ಜ್ವರ ಬರುತ್ತದೆ, ಹೃದಯ ದುರ್ಬಲವಾಗುತ್ತದೆ. ಹೊಸ ಹೃದಯದಿಂದ ಅತಿ ಸಣ್ಣ ಚೂರೊಂದನ್ನು ತೆಗೆದು ನೋಡಿದರೆ ಸ್ನಾಯುವಿನಲ್ಲಿ ಉರಿಯೂತ ಕಾಣುತ್ತದೆ. ದೇಹವು ಹೃದಯವನ್ನು ತಿರಸ್ಕರಿಸುತ್ತಿದ್ದರೆ ನಿರೋಧಕ ಶಕ್ತಿಯನ್ನು ಇನ್ನಷ್ಟು ಕುಗ್ಗಿಸಬೇಕು. ಪರೋಪಜೀವಿಯೇ ಕಾರಣವಾಗಿದ್ದರೆ ಹಾಗೆ ಮಾಡುವುದು ಬೆಂಕಿಗೆ ತುಪ್ಪ ಸುರಿದಂತೆ. ವೈರಸ್ಸಿಗೆ ಒಂದು ಔಷಧಿ, ಚಾಗಸ್ ರೋಗಕ್ಕೆ ಬೆಂಜ್‌ನಿಡಜೋಲ್ ಎಂಬ ಬೇರೆ ಔಷಧಿ. ಒಂದನ್ನು ಕಂಡ ಮಾತ್ರಕ್ಕೆ ಮತ್ತೊಂದಿಲ್ಲವೆಂದು ನಂಬಿ ಕುಳಿತರೆ ಪ್ರಾಣಕ್ಕೇ ಅಪಾಯ. ಆದುದರಿಂದ ಇಂದಿನ ವೈದ್ಯರು ಪ್ರತಿಯೊಂದು ಕಾರಣವನ್ನೂ ಪ್ರತ್ಯೇಕವಾಗಿ ಹುಡುಕುತ್ತಾರೆ. ಈ ಎಚ್ಚರದಿಂದ, ಚಾಗಸ್ ರೋಗಿಗಳೂ ಕಸಿಯ ಬಳಿಕ ಇತರ ಹೃದ್ರೋಗಿಗಳಿಗಿಂತ ಕಡಿಮೆಯಿಲ್ಲದಂತೆ ಬಾಳುತ್ತಿದ್ದಾರೆ. ೨೦೦೬ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಹೃದಯ ಕಸಿ ಮಾಡಿಸಿಕೊಂಡ ಇಬ್ಬರಿಗೆ ದಾನಿಗಳ ಅಂಗದಿಂದಲೇ ಈ ಸೋಂಕು ತಗಲಿದ್ದು ಪತ್ತೆಯಾಯಿತು. ಒಂದು ಕುಗ್ರಾಮದ ರೋಗವೆಂದು ಹಿಂದೊಮ್ಮೆ ಹಳಿಯಲ್ಪಟ್ಟದ್ದು ದೂರದ ಮಹಾನಗರದ ಆಸ್ಪತ್ರೆಯನ್ನೂ ಮುಟ್ಟಿತು.

ಚಾಗಸ್ ಅವರ ಮೊದಲ ರೋಗಿಯಾದ ಬೆರೆನಿಸ್ ಎಪ್ಪತ್ತು ವರ್ಷಗಳನ್ನು ದಾಟಿ ಬಾಳಿದಳು. ಮೊದಲ ಜ್ವರ ಬಂದು ಅರ್ಧ ಶತಮಾನ ಕಳೆದ ಮೇಲೆ ಪರೀಕ್ಷಿಸಿದಾಗಲೂ ಆಕೆಯ ರಕ್ತದಲ್ಲಿ ಆ ಪರೋಪಜೀವಿ ಜೀವಂತವಾಗಿತ್ತು. ಮೌನವಾಗಿ ಕಾದು ಕುಳಿತುಕೊಳ್ಳುವ ಅದರ ಶಕ್ತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಇಂದಿಗೂ ಜಗತ್ತಿನಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ಸೋಂಕಿದೆ. ಅವರಲ್ಲಿ ಬಹುಮಂದಿ ಬಡವರು. ತಮಗೆ ಸೋಂಕಿರುವುದು ಅವರಲ್ಲಿ ಹೆಚ್ಚಿನವರಿಗೆ ತಿಳಿದೇ ಇಲ್ಲ. ಆ ಮಗುವಿನ ರಕ್ತದಲ್ಲಿ ಸತ್ಯವು ಗೋಚರಿಸಿದ ಏಪ್ರಿಲ್ ೧೪ನ್ನು ೨೦೨೦ರಿಂದ ವಿಶ್ವ ಚಾಗಸ್ ರೋಗ ದಿನವನ್ನಾಗಿ ಆಚರಿಸಲಾಗುತ್ತಿದೆ.

ರೈಲುಡಬ್ಬಿಯ ಮಂದ ಬೆಳಕಿನಲ್ಲಿ ಕುಳಿತು, ಬಡವರ ಗುಡಿಸಲಿನ ಕೀಟವನ್ನು ಕಡೆಗಣಿಸದೆ ನೋಡಿದ ಕಾರ್ಲೋಸ್ ಚಾಗಸ್ ಅವರು ಲಕ್ಷಾಂತರ ಜನರ ನೋವಿಗೆ ಕಾರಣವನ್ನು ತೋರಿಸಿಕೊಟ್ಟರು. ತಿಳಿದ ರೋಗದ ಹಿಂದೆ ತಿಳಿಯದ ರೋಗವಿರಬಹುದೆಂದು ಸಂಶಯಪಟ್ಟದ್ದು ಅವರ ದೊಡ್ಡ ಸಾಧನೆ. ಅವರು ಎಡವಿದ ಸ್ಥಳಗಳೂ ಮುಂದಿನವರಿಗೆ ದಾರಿದೀಪಗಳಾದವು. ಹೃದಯ ಕಸಿಯ ರೋಗಿಯ ಹಾಸಿಗೆಯ ಬಳಿ ನಿಂತ ವೈದ್ಯನಿಗೆ ಅವರ ಗೆಲುವಿನಂತೆಯೇ ಅವರ ಸೋಲೂ ಇಂದು ದಾರಿ ತೋರುತ್ತಿದೆ.